ಹೆರಾಲ್ಡ್ ಕಾರಿನ ಕೀಲೆಣ್ಣೆ

ಎತ್ತಿನ ಬಂಡಿಯನ್ನು ಹೂಡುವ ಮೊದಲು ಅದರ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂಬುದು ಹಳ್ಳಿಯ ಚಿಕ್ಕ ಹುಡುಗನಿಗೂ ತಿಳಿದಿದ್ದ ಮಾತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಆ ಗೊಟ್ಟವನ್ನು ಬಂಡಿಯ ಕೆಳಗೆ ತೂಗುಹಾಕಿಕೊಂಡೇ ನಮ್ಮ ಹಿರಿಯರು ಜಾತ್ರೆಗೆ ಹೊರಡುತ್ತಿದ್ದರು. ಬಂಡಿಯ ಜಾಗಕ್ಕೆ ಮೋಟಾರುಗಾಡಿ ಬಂದಿತು. ಗಾಡಿ ಬದಲಾಯಿತೇ ಹೊರತು ಕೀಲಿನ ಧರ್ಮ ಬದಲಾಗಲಿಲ್ಲ. ಎಲ್ಲಿ ಒಂದು ಲೋಹ ಇನ್ನೊಂದು ಲೋಹದ ಮೇಲೆ ಹೊರಳುವುದೋ ಅಲ್ಲಿ ಎಣ್ಣೆ ಬೇಕು. ಯಾವ ಎಣ್ಣೆ, ಎಷ್ಟು, ಯಾವಾಗ ಎಂಬುದು ತಿಳಿದಿರಬೇಕು. ಈ ಸಣ್ಣ ತಿಳಿವಳಿಕೆ ತಪ್ಪಿದ್ದರಿಂದ ಒಂದು ಕಾರು ಮೂವತ್ತಾರು ವರ್ಷ ಕೊಟ್ಟಿಗೆಯಲ್ಲಿ ನಿಂತದ್ದನ್ನೂ, ಒಬ್ಬರ ಮೇಲೆ ಅಷ್ಟು ಕಾಲವೂ ಅಪವಾದ ಉಳಿದದ್ದನ್ನೂ ನಾವು ಕಂಡಿದ್ದೇವೆ. ಆ ಕಾರಿನ ನೆಪದಲ್ಲಿ ಹಳೆಯ ಬ್ರಿಟಿಷ್ ಕಾರುಗಳ ರಚನೆಯನ್ನೂ ಪಾಲನೆಯನ್ನೂ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯ ಎರೆಭೂಮಿಯಲ್ಲಿ, ದೇವದುರ್ಗಕ್ಕೆ ಸಮೀಪದಲ್ಲಿ ಅರಕೇರಾ ಎಂಬ ಊರಿದೆ. ಅದು ನಮ್ಮ ತಾಯಿಯ ತವರು. ನಮ್ಮ ಅಜ್ಜನವರು ಹೈದರಾಬಾದಿನಲ್ಲಿ ಕೊಂಡು ತಂದ, ಆಗಲೇ ಕೆಲವು ವರ್ಷ ಓಡಿದ್ದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಅಲ್ಲಿನ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಬಾಲ್ಯದಲ್ಲಿ ರಜೆಗೆ ಹೋದಾಗ ನಾವು ಅದರೊಳಗೆ ಕುಳಿತು ಆಡುತ್ತಿದ್ದೆವು. ಅದರ ಮುಂದಿನ ಎಡಗಾಲಿ ಹೊರಕ್ಕೆ ಮಗುಚಿಕೊಂಡು ಮಲಗಿತ್ತು. ಏಕೆಂದು ಯಾರೂ ಹೇಳುತ್ತಿರಲಿಲ್ಲ.

ಕಾರಿನ ಮನೆತನ

ಹೆರಾಲ್ಡ್ ಎಂಬುದು ಕ್ರೀಡಾಕಾರಲ್ಲ, ನಾಲ್ಕು ಜನರ ಸಂಸಾರದ ಕಾರು. ಆದರೆ ಅದರ ಒಡಹುಟ್ಟು ಮಾತ್ರ ಜಗತ್ಪ್ರಸಿದ್ಧವಾದ ಕ್ರೀಡಾಕಾರು. ಈ ಸಂಬಂಧವನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು.

ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿದ್ದ ಸ್ಟ್ಯಾಂಡರ್ಡ್-ಟ್ರಯಂಫ್ ಸಂಸ್ಥೆಯವರು 1950ರ ದಶಕದಲ್ಲಿ ಹೊಸದೊಂದು ಸಣ್ಣ ಕಾರನ್ನು ಯೋಚಿಸುತ್ತಿದ್ದಾಗ ಒಂದು ವಿಚಿತ್ರವಾದ ಕಷ್ಟ ಎದುರಾಯಿತು. ಅವರಿಗೆ ಕಾರಿನ ಮೈಯನ್ನು ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿ ಸಂಸ್ಥೆಯೊಂದು ಕೊಂಡುಕೊಂಡಿತು. ಇಡೀ ಮೈಯನ್ನು ಒಂದೇ ಕಡೆ ಒತ್ತಿ ಬೆಸೆದುಕೊಡುವವರು ಸಿಕ್ಕಲಿಲ್ಲ. ಆದುದರಿಂದ ಅವರು ಹಳೆಯ ಕ್ರಮಕ್ಕೇ ಹಿಂತಿರುಗಿದರು. ಕೆಳಗೆ ಬಲವಾದ ಉಕ್ಕಿನ ಚಾಸಿ. ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ಮೈಯ ಭಾಗಗಳನ್ನು ಬೋಲ್ಟುಗಳಿಂದ ಬಿಗಿಯುವುದು. ಇಟಲಿಯ ಜೊವಾನಿ ಮಿಕೆಲೊಟ್ಟಿ ಎಂಬ ವಿನ್ಯಾಸಕಾರ ಅದಕ್ಕೆ ರೂಪ ಕೊಟ್ಟನು. ಹೀಗೆ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂದಿತು.

ಅಂದಿನ ಕಷ್ಟವೇ ಇಂದಿನ ಅನುಕೂಲ. ಈಗಿನ ಕಾರುಗಳಲ್ಲಿ ಮೈಯೂ ಚಾಸಿಯೂ ಬೆಸೆದು ಒಂದಾಗಿರುತ್ತವೆ. ಒಂದು ಕಡೆ ತುಕ್ಕು ಹಿಡಿದರೆ ಬಿಡಿಸಿ ತೆಗೆಯುವುದು ಸುಲಭವಲ್ಲ. ಹೆರಾಲ್ಡನ್ನಾದರೋ ಪಾನಾ ಹಿಡಿದು ಭಾಗ ಭಾಗವಾಗಿ ಬಿಚ್ಚಬಹುದು. ಮುಂದಿನ ಬಾನೆಟ್ಟು, ರೆಕ್ಕೆಗಳ ಸಮೇತ, ಮೊಸಳೆಯ ಬಾಯಂತೆ ಒಟ್ಟಿಗೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮುಂದಿನ ಗಾಲಿ, ಸ್ಪ್ರಿಂಗು, ಎಂಜಿನ್ನು ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಯಂತ್ರ ಸಿಕ್ಕುವುದು ಕಷ್ಟ.

ಮೈಯನ್ನು ಚಾಸಿಯಿಂದ ಬೇರೆ ಮಾಡಬಹುದಾದುದರಿಂದ ಅದೇ ತಳಹದಿಯ ಮೇಲೆ ಬೇರೊಂದು ಕಾರನ್ನು ಕಟ್ಟುವುದೂ ಸುಲಭವಾಯಿತು. ಹೆರಾಲ್ಡಿನ ಮುಂದಿನ ಗಾಲಿ ಮತ್ತು ಹಿಂದಿನ ಗಾಲಿಗಳ ನಡುವಣ ದೂರ ಸುಮಾರು 232 ಸೆಂಟಿಮೀಟರು. ಅದನ್ನು ಸುಮಾರು 211ಕ್ಕೆ ಇಳಿಸಿ, ಇಬ್ಬರೇ ಕೂಡುವ ತಗ್ಗಾದ ಮೈಯನ್ನು ಮಿಕೆಲೊಟ್ಟಿಯೇ ಬರೆದುಕೊಟ್ಟನು. ಹಣದ ಅಡಚಣೆಯಿಂದ ಈ ಮಾದರಿ ಕಾರ್ಖಾನೆಯ ಒಂದು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. 1961ರಲ್ಲಿ ಲೇಲ್ಯಾಂಡ್ ಸಂಸ್ಥೆಯವರು ಕಾರ್ಖಾನೆಯನ್ನು ಕೊಂಡು ನೋಡಲು ಬಂದಾಗ ಅವರ ಕಣ್ಣಿಗೆ ಬಿದ್ದಿತು. ಮರುವರ್ಷ, 1962ರಲ್ಲಿ, ಅದು ‘ಟ್ರಯಂಫ್ ಸ್ಪಿಟ್‌ಫೈರ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಯುದ್ಧವಿಮಾನದ ಹೆಸರು ಅದು. 1980ರವರೆಗೆ ಬೇರೆ ಬೇರೆ ಮಾದರಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ತಯಾರಾದುವು.

ಎರಡು ಕಾರುಗಳ ಎಂಜಿನ್ನುಗಳ ಸಂಬಂಧವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಹೆರಾಲ್ಡಿನ ಉರುಳೆಯ ವ್ಯಾಸ 63 ಮಿಲಿಮೀಟರು, ಕೊಂತದ ಓಟ 76 ಮಿಲಿಮೀಟರು. ನಾಲ್ಕು ಉರುಳೆಗಳ ಗಾತ್ರವನ್ನು ಕೂಡಿಸಿದರೆ 948 ಘನ ಸೆಂಟಿಮೀಟರು ಬರುತ್ತದೆ. ಸ್ಪಿಟ್‌ಫೈರಿನಲ್ಲಿ ಓಟ ಅಷ್ಟೇ. ವ್ಯಾಸ ಮಾತ್ರ 69.3 ಮಿಲಿಮೀಟರು. ಗಾತ್ರ 1147 ಘನ ಸೆಂಟಿಮೀಟರು. ವ್ಯಾಸವು ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಶೇಕಡ 10ರಷ್ಟು ಅಗಲಿಸಿದರೆ ಗಾತ್ರ ಶೇಕಡ 21ರಷ್ಟು ಹೆಚ್ಚುತ್ತದೆ. ಇದಕ್ಕೆ ಎರಡು ಕಾರ್ಬ್ಯುರೇಟರುಗಳನ್ನೂ ಜೋಡಿಸಿದ್ದರಿಂದ ಮೊದಲಿನ ಹೆರಾಲ್ಡಿನ ಸುಮಾರು 35 ಅಶ್ವಶಕ್ತಿಗೆ ಬದಲಾಗಿ 63 ಅಶ್ವಶಕ್ತಿ ದೊರೆಯಿತು.

ನಮ್ಮ ದೇಶದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ 1961ರಿಂದ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ಈ ಕಾರನ್ನು ಅದೇ 948ರ ಎಂಜಿನ್ನಿನೊಡನೆ ತಯಾರಿಸಿತು. ದಕ್ಷಿಣದ ಊರುಗಳಲ್ಲಿ ವೈದ್ಯರೂ ವಕೀಲರೂ ಇದನ್ನು ಓಡಿಸುತ್ತಿದ್ದುದನ್ನು ಹಿರಿಯ ವಾಚಕರು ನೆನೆಯಬಹುದು. ಮದರಾಸಿನ ಬಳಿಯ ಶೋಲಾವರಂ ವಿಮಾನದಾರಿಯ ಪಂದ್ಯಗಳಲ್ಲಿಯೂ ಹೆರಾಲ್ಡುಗಳು ಓಡಿದುವು. ಸ್ಪಿಟ್‌ಫೈರನ್ನು ಕಾಣದ ನಾಡಿನಲ್ಲಿ ಅದರ ಮುಂಗಾಲು ಹಿಂಗಾಲುಗಳೆಲ್ಲ ಹೀಗೆ ನಮ್ಮ ರಸ್ತೆಗಳ ಮೇಲೆಯೇ ಓಡಾಡುತ್ತಿದ್ದುವು.

ಮುರಿದ ಕೀಲು

ಅರಕೇರಾದ ಕಾರನ್ನು ಓಡಿಸುತ್ತಿದ್ದವರು ನಮ್ಮ ಸೋದರಮಾವನವರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. 1984ರ ಒಂದು ಸಂಜೆ ದೇವದುರ್ಗದಿಂದ ಬಂದು, ಮನೆಯ ಅಂಗಳಕ್ಕೆ ಕಾರನ್ನು ತಿರುಗಿಸುತ್ತಿದ್ದಾಗ ಮುಂದಿನ ಎಡಗಾಲಿ ಇದ್ದಕ್ಕಿದ್ದಂತೆ ಮಗುಚಿ ಬಿದ್ದಿತು. ಕಾರು ಮೂಗು ಮುಗ್ಗರಿಸಿ ಹೊರಗಿನ ಕಟ್ಟೆಗೆ ಬಡಿಯಿತು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನವರ ಕಾಲು ಮುರಿಯಿತು. ಅವರು ಅನಂತರ ಕೋಲಿಲ್ಲದೆ ನಡೆಯಲಿಲ್ಲ. ಹುಡುಗ ಜೋರಾಗಿ ಬಂದು ತಿರುಗಿಸಿದನೆಂದು ಊರೆಲ್ಲ ಹೇಳಿತು. ‘ನಾ ಜೋರು ಬಂದಿಲ್ಲ, ಗಾಲಿ ತಾನೇ ಮಲಗಿತು’ ಎಂದು ಮಾವನವರು ಎಷ್ಟು ಹೇಳಿದರೂ ಕೇಳಿದವರಿಲ್ಲ. ಅಂದಿನಿಂದ ಅವರು ಯಾವ ವಾಹನದ ಚುಕ್ಕಾಣಿಯನ್ನೂ ಹಿಡಿಯಲಿಲ್ಲ. ಮುರಿದ ತುಂಡನ್ನು ಮಾತ್ರ ಎಣ್ಣೆಬಟ್ಟೆಯಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು.

2020ರ ಬೇಸಗೆಯಲ್ಲಿ ಕಾಲೇಜುಗಳು ಮುಚ್ಚಿದ್ದಾಗ ನಾವು ಅರಕೇರಾದಲ್ಲಿ ಕೆಲವು ತಿಂಗಳು ಉಳಿಯಬೇಕಾಯಿತು. ಕಾರನ್ನು ಬಿಚ್ಚಿ ನೋಡುವ ಮನಸ್ಸಾಯಿತು. ಮಾವನವರು ಏನೂ ಹೇಳದೆ ಆ ತುಂಡನ್ನು ತಂದು ನಮ್ಮ ಕೈಗೆ ಕೊಟ್ಟರು.

ಅದು ಯಾವ ಭಾಗವೆಂಬುದನ್ನು ಮೊದಲು ತಿಳಿಯೋಣ. ಮುಂದಿನ ಗಾಲಿಯನ್ನು ಹೊತ್ತು ನಿಲ್ಲುವ ಉಕ್ಕಿನ ನಿಲುಗಂಬವೊಂದಿದೆ. ಅದರ ಮೇಲ್ತುದಿ ಗುಂಡುಕೀಲಿನಲ್ಲಿ ಸೇರಿರುತ್ತದೆ. ಕೆಳತುದಿಯಲ್ಲಿ ದಪ್ಪ ತಿರುಪಿನ ಗೆರೆಗಳಿವೆ. ಈ ತಿರುಪು ಒಂದು ಕಂಚಿನ ಗೂಡಿನೊಳಗೆ ಇಳಿದಿರುತ್ತದೆ. ಆ ಗೂಡಿಗೆ ಟ್ರನಿಯನ್ ಎಂದು ಹೆಸರು. ಚುಕ್ಕಾಣಿಯನ್ನು ತಿರುಗಿಸಿದಾಗ ನಿಲುಗಂಬ ಈ ಗೂಡಿನಲ್ಲಿ ತಿರುಪುಮೊಳೆಯಂತೆ ಅತ್ತಿತ್ತ ತಿರುಗುತ್ತದೆ. ಕಾರಿನ ಮುಂಭಾಗದ ಭಾರವನ್ನು ಹೊರುವುದು, ಹಳ್ಳದ ಪೆಟ್ಟನ್ನು ತಾಳುವುದು, ತಿರುಗಲು ಎಡೆಗೊಡುವುದು ಇಷ್ಟೂ ಕೆಲಸ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾದ ಈ ತಿರುಪಿನದು. ಸ್ಪಿಟ್‌ಫೈರಿನಲ್ಲಿಯೂ ಇದೇ ಏರ್ಪಾಡು. ಮುರಿದದ್ದು ಈ ತಿರುಪಿನ ಬುಡವೇ.

ಎಣ್ಣೆಯೇ ಏಕೆ, ಗ್ರೀಸು ಏಕಲ್ಲ?

ಈ ಗೂಡಿಗೆ ಗಿಯರಿಗೆ ಹಾಕುವ 90ನೆಯ ದರ್ಜೆಯ ದಪ್ಪ ಎಣ್ಣೆಯನ್ನೇ ಹಾಕಬೇಕೆಂದು ಕಾರಿನ ಕೈಪಿಡಿ ಹೇಳುತ್ತದೆ. ಆದರೆ ನಮ್ಮ ಕಾರಿನ ಗೂಡಿನೊಳಗಿದ್ದದ್ದು ಗ್ರೀಸು. ಅದೂ ಒಣಗಿ ಕಪ್ಪು ಮಣ್ಣಿನಂತಾಗಿತ್ತು. ಇದರಲ್ಲಿ ಯಾರದೋ ದುರುದ್ದೇಶವೇನಿಲ್ಲ. ಲಾರಿ, ಟ್ರಾಕ್ಟರು, ಬಸ್ಸು ಎಲ್ಲಕ್ಕೂ ಮೊಲೆತೊಟ್ಟಿನಂತಹ ಕಿಂಡಿ ಕಂಡಲ್ಲಿ ಗ್ರೀಸಿನ ಪಿಚಕಾರಿ ಹಿಡಿಯುವುದು ಎಲ್ಲೆಡೆಯ ರೂಢಿ. ಇಂಗ್ಲೆಂಡಿನಲ್ಲಿಯೂ ಇದೇ ತಪ್ಪು ಸಾವಿರಾರು ಸಲ ನಡೆದಿದೆ.

ಎಣ್ಣೆಗೂ ಗ್ರೀಸಿಗೂ ಏನು ವ್ಯತ್ಯಾಸ? ಗ್ರೀಸು ಎಂದರೆ ಎಣ್ಣೆಯನ್ನು ಸಾಬೂನಿನ ನವುರಾದ ಎಳೆಗಳ ಬಲೆಯಲ್ಲಿ ಹಿಡಿದಿಟ್ಟ ಪದಾರ್ಥ. ಸಾಮಾನ್ಯವಾಗಿ ಅದು ಲಿಥಿಯಂ ಧಾತುವಿನ ಸಾಬೂನು. ಎಣ್ಣೆ ದ್ರವ, ಎಷ್ಟೇ ಸಣ್ಣ ಬಲ ಬಿದ್ದರೂ, ನಿಧಾನವಾಗಿಯಾದರೂ, ಹರಿಯುತ್ತದೆ. ಗ್ರೀಸು ಹಾಗಲ್ಲ. ಬಲವು ಒಂದು ಮಿತಿಯನ್ನು ಮೀರುವವರೆಗೆ ಅದು ಘನವಸ್ತುವಿನಂತೆ ಇದ್ದಲ್ಲೇ ಇರುತ್ತದೆ. ಬೆಣ್ಣೆಯನ್ನೂ ತುಪ್ಪವನ್ನೂ ನೆನೆದರೆ ಸಾಕು. ರೊಟ್ಟಿಯ ಮೇಲಿಟ್ಟ ಬೆಣ್ಣೆ ಇಟ್ಟಲ್ಲೇ ಕೂಡುತ್ತದೆ. ಕಾಯಿಸಿದ ತುಪ್ಪ ಅದರ ಸಂದುಗೊಂದುಗಳಿಗೆಲ್ಲ ಇಳಿಯುತ್ತದೆ.

ಇದ್ದಲ್ಲೇ ಇರುವ ಗುಣ ಗಾಲಿಯ ಬೇರಿಂಗಿಗೆ ಒಳ್ಳೆಯದು. ಅಲ್ಲಿ ಎಣ್ಣೆ ಸೋರಿಹೋಗುತ್ತದೆ. ತಿರುಪಿನ ಗೂಡಿಗೆ ಮಾತ್ರ ಅದು ಕೆಟ್ಟದು. ಉಕ್ಕಿಗೂ ಕಂಚಿಗೂ ನಡುವೆ ಇರುವ ಸಂದು ಬಹಳ ಸಣ್ಣದು. ಎಣ್ಣೆ ಆ ಸಂದಿನಲ್ಲಿ ಹರಿದು, ತಿರುಪು ಹೊರಳುವಾಗಲೆಲ್ಲ ಗೆರೆಯಿಂದ ಗೆರೆಗೆ ಸಾಗಿ, ಎಲ್ಲ ಕಡೆಗೂ ಹಬ್ಬುತ್ತದೆ. ಗ್ರೀಸು ಅಷ್ಟು ದೂರ ಹೋಗದೆ ಕಿಂಡಿಯ ಬಳಿಯೇ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆಯೆಂದೇ ತೋರುತ್ತದೆ. ಒಳಗೆ ಉಕ್ಕು ಬರಿಮೈಯಲ್ಲಿರುತ್ತದೆ. ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಎರೆಮಣ್ಣಿನ ನಯವಾದ ಧೂಳು ಸೇರುತ್ತದೆ. ತಿರುಪಿನ ಗೆರೆಗಳ ಬುಡಕ್ಕೆ ತುಕ್ಕು ಹಿಡಿಯುತ್ತದೆ.

ಹೀಗಾದ ಕಾರು ಮೊದಲೇ ಒಂದು ಎಚ್ಚರಿಕೆ ಕೊಡುತ್ತದೆ. ಅದರ ಚುಕ್ಕಾಣಿ ದಿನೇ ದಿನೇ ಬಿಗಿಯಾಗುತ್ತ ಹೋಗುತ್ತದೆ. ಅಪಘಾತಕ್ಕೆ ಕೆಲವು ತಿಂಗಳ ಮೊದಲಿನಿಂದಲೂ ಚುಕ್ಕಾಣಿ ಬಿಗಿಯಾಗಿದೆಯೆಂದು ಮಾವನವರು ಹೇಳುತ್ತಿದ್ದರೆಂದು ನಮ್ಮ ತಾಯಿ ಈಗ ನೆನೆಸಿಕೊಂಡರು. ಆಗ ಅದಕ್ಕೆ ಮತ್ತೊಮ್ಮೆ ಗ್ರೀಸು ತುಂಬಿಸಿದ್ದರಂತೆ.

ಲೋಹದ ದಣಿವು

ತುಕ್ಕು ಹಿಡಿದಿತ್ತೆಂದು ಹೇಳಿದರಷ್ಟೇ ಸಾಲದು. ಜೋರಾಗಿ ಬಂದು ಹೊಡೆದದ್ದರಿಂದ ಮುರಿಯಿತೇ, ಮುರಿದದ್ದರಿಂದ ಹೋಗಿ ಹೊಡೆಯಿತೇ? ಈ ಪ್ರಶ್ನೆಗೆ ಉತ್ತರ ಮುರಿದ ಮುಖದ ಮೇಲೆಯೇ ಬರೆದಿತ್ತು.

ತಂತಿಯೊಂದನ್ನು ಕೈಯಿಂದ ಎಳೆದು ತುಂಡರಿಸಲಾರೆವು. ಅದನ್ನೇ ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಸುಲಭವಾಗಿ ತುಂಡಾಗುತ್ತದೆ. ಒಂದು ಸಲಕ್ಕೆ ಏನನ್ನೂ ಮಾಡದ ಬಲ ಮತ್ತೆ ಮತ್ತೆ ಬಿದ್ದಾಗ ಲೋಹವನ್ನು ಒಡೆಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ತಂತಿ ಕಣ್ಣಿಗೆ ಕಾಣುವಷ್ಟು ಬಾಗುವುದರಿಂದ ಬೇಗ ಮುರಿಯುತ್ತದೆ. ಕಾರಿನ ಭಾಗಗಳಲ್ಲಿ ಬಾಗುವಿಕೆ ಕಾಣದಷ್ಟು ಸಣ್ಣದಾದ್ದರಿಂದ ಲಕ್ಷಾಂತರ ಪೆಟ್ಟುಗಳು ಬೇಕಾಗುತ್ತವೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಚೂಪಾದ ಮೂಲೆಯಲ್ಲಿ. ಏಕೆಂದರೆ ಒಳಬಲ ಅಲ್ಲಿ ಕಿಕ್ಕಿರಿಯುತ್ತದೆ. ಬಟ್ಟೆಯ ಅಂಚಿಗೆ ಒಂದು ಸಣ್ಣ ಕತ್ತರಿ ಕೊಟ್ಟರೆ ಹರಿಯುವುದು ಸುಲಭವಾಗುವಂತೆಯೇ ಇದು. ತಿರುಪಿನ ಗೆರೆಯ ಬುಡ ಸಹಜವಾಗಿಯೇ ಅಂತಹ ಮೂಲೆ. ತುಕ್ಕಿನ ಗುಳಿ ಬಿದ್ದರಂತೂ ಹೇಳುವುದೇ ಬೇಡ.

ಹೀಗೆ ಹುಟ್ಟಿದ ಬಿರುಕು ಪ್ರತಿ ಪೆಟ್ಟಿಗೂ ಕೂದಲೆಳೆಗಿಂತ ಬಹಳ ಕಡಿಮೆ ಮುಂದುವರಿಯುತ್ತದೆ. ಅದರ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ನುಣುಪಾಗುತ್ತವೆ, ನೀರು ಇಳಿದು ಕಪ್ಪಾಗುತ್ತವೆ. ಬಿರುಕು ನಿಂತು ನಿಂತು ಬೆಳೆದ ಗುರುತಾಗಿ ಕೆರೆಯ ಅಂಚಿನಲ್ಲಿ ನೀರಿಳಿದಾಗ ಉಳಿಯುವ ಗೆರೆಗಳಂತೆ ಕಮಾನು ಕಮಾನಾದ ಗೆರೆಗಳು ಮೂಡುತ್ತವೆ. ಕೊನೆಗೆ ಉಳಿದ ಲೋಹ ಭಾರವನ್ನು ಹೊರಲಾರದೆ ಒಮ್ಮೆಗೇ ಮುರಿಯುತ್ತದೆ. ಈ ಕೊನೆಯ ಭಾಗ ಒರಟಾಗಿ, ಸಕ್ಕರೆಯ ಹರಳುಗಳಂತೆ ಹೊಳೆಯುತ್ತದೆ. ಒಂದೇ ಪೆಟ್ಟಿಗೆ ಮುರಿದ ಒಳ್ಳೆಯ ಉಕ್ಕಿನಲ್ಲಾದರೋ ಇಡೀ ಮುಖ ಒರಟಾಗಿರುತ್ತದೆ. ನುಣುಪಾದ ಕಪ್ಪು ಭಾಗವೇ ಇರುವುದಿಲ್ಲ.

ಪ್ರಯೋಗಶಾಲೆಯ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನಾವು ಆ ತುಂಡನ್ನು ನೋಡಿದೆವು. ಮಾವನವರು ಎಣ್ಣೆಬಟ್ಟೆಯಲ್ಲಿ ಕಾಪಾಡಿದ್ದರಿಂದ ಅದರ ಮುಖ ಹಾಳಾಗಿರಲಿಲ್ಲ. ಮುಕ್ಕಾಲು ಪಾಲು ಕಪ್ಪಾಗಿ ನುಣುಪಾಗಿತ್ತು. ಗೆರೆಯ ಬುಡದ ಒಂದು ಗುಳಿಯಿಂದ ಹೊರಟ ಕಮಾನುಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದುವು. ಕಾಲು ಪಾಲು ಮಾತ್ರ ಒರಟಾಗಿ ಹೊಳೆಯುತ್ತಿತ್ತು. ಅಂದರೆ ಆ ಸಂಜೆ ಕಾರು ಅಂಗಳಕ್ಕೆ ತಿರುಗುವ ಹೊತ್ತಿಗೆ ಗಾಲಿಯನ್ನು ಹಿಡಿದಿದ್ದದ್ದು ಕಾಲು ಭಾಗದ ಉಕ್ಕು ಮಾತ್ರ. ನಿಧಾನವಾಗಿ ಚಲಿಸುತ್ತಿರುವಾಗ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದರೆ ನೆಲದ ಘರ್ಷಣೆಯಿಂದ ತಿರುಪಿನ ಮೇಲೆ ಬೀಳುವ ತಿರುಚುಬಲ ಅತ್ಯಧಿಕ. ಅಂತಹ ಕ್ಷಣದಲ್ಲಿಯೇ ಅದು ಮುರಿಯುವುದು ಸಹಜ. ವೇಗಕ್ಕೂ ಇದಕ್ಕೂ ಸಂಬಂಧ ಬೇಕಿರಲಿಲ್ಲ.

ತೂಗುವ ಅಚ್ಚು

ಮುಂದಿನ ಗಾಲಿಯ ದೋಷ ಪಾಲನೆಯದು. ಹಿಂದಿನ ಗಾಲಿಗಳಲ್ಲಿ ರಚನೆಯದೇ ಒಂದು ದೋಷವುಂಟು. ಇದನ್ನು ತಿಳಿಯದೆ ಹೆರಾಲ್ಡನ್ನಾಗಲಿ ಸ್ಪಿಟ್‌ಫೈರನ್ನಾಗಲಿ ಓಡಿಸಬಾರದು.

ಬಂಡಿಯಲ್ಲಿ ಎರಡು ಗಾಲಿಗಳಿಗೂ ಒಂದೇ ಅಚ್ಚು. ಹೆರಾಲ್ಡಿನಲ್ಲಿ ಹಿಂದಿನ ಅಚ್ಚು ಎರಡು ತುಂಡು. ಪ್ರತಿಯೊಂದೂ ನಡುವಣ ಗಿಯರುಪೆಟ್ಟಿಗೆಯ ಬಳಿ ಕೀಲಿನಿಂದ ತೂಗುತ್ತದೆ. ಒಂದು ಗಾಲಿ ಹಳ್ಳಕ್ಕೆ ಇಳಿದರೆ ಇನ್ನೊಂದಕ್ಕೆ ಅದರ ಗೊಡವೆಯಿಲ್ಲ. ಆದರೆ ತಿರುವಿನಲ್ಲಿ ತೊಡಕು ಬರುತ್ತದೆ. ಕಾರು ತಿರುಗುವಾಗ ನೆಲವು ಗಾಲಿಗಳನ್ನು ತಿರುವಿನ ಒಳಬದಿಗೆ ತಳ್ಳುತ್ತದೆ. ಈ ಬಲ ಬೀಳುವುದು ನೆಲದ ಮಟ್ಟದಲ್ಲಿ. ಕೀಲು ಇರುವುದು ಅದಕ್ಕಿಂತ ಎತ್ತರದಲ್ಲಿ. ಆದುದರಿಂದ ಹೊರಬದಿಯ ಗಾಲಿ ಕೀಲಿನ ಸುತ್ತ ಸುಳಿದು ಕಾರಿನ ಅಡಿಗೆ ಸರಿಯಲು ನೋಡುತ್ತದೆ. ಕಾಲುಗಳನ್ನು ಅಗಲಿಸಿ ನಿಂತವನ ಒಂದು ಪಾದವನ್ನು ಒಳಕ್ಕೆ ತಳ್ಳಿದರೆ ಅವನ ಸೊಂಟ ಮೇಲೇಳುವಂತೆ ಕಾರಿನ ಹಿಂಭಾಗ ಮೇಲೇಳುತ್ತದೆ. ಮೇಲೆದ್ದಷ್ಟೂ ಗಾಲಿ ಇನ್ನಷ್ಟು ಒಳಕ್ಕೆ ಮಡಿಯುತ್ತದೆ. ಕೊನೆಗೆ ಟಯರಿನ ಅಂಚು ಮಾತ್ರ ನೆಲವನ್ನು ಹಿಡಿದಿರುತ್ತದೆ. ಹಿಂಭಾಗ ಹೊರಕ್ಕೆ ಜಾರುತ್ತದೆ.

ಎಷ್ಟು ಬಲ? ಕಾರಿನ ತೂಕ 800 ಕಿಲೋಗ್ರಾಂ, ತಿರುವಿನ ತ್ರಿಜ್ಯ 30 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ, ಕೇಂದ್ರಾಭಿಮುಖ ಬಲ ಸುಮಾರು 2,670 ನ್ಯೂಟನ್. ವೇಗ 54 ಕಿಲೋಮೀಟರಿಗೆ ಏರಿದರೆ ಬಲ 6,000 ನ್ಯೂಟನ್. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ಇಂತಹ ತಿರುವಿನ ನಡುವೆ ಚಾಲಕ ಹೆದರಿ ಬ್ರೇಕು ಒತ್ತಿದರೆ ಅಥವಾ ವೇಗದ ಪೆಡಲಿನಿಂದ ತಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಮತ್ತಷ್ಟು ಹಗುರಾಗಿ ಮೇಲೇಳುತ್ತದೆ. ಆದುದರಿಂದ ನಿಯಮ ಒಂದೇ: ತಿರುವಿಗೆ ಮೊದಲೇ ವೇಗವನ್ನು ಇಳಿಸಿ, ತಿರುವಿನಲ್ಲಿ ಪೆಡಲನ್ನು ಸಮನಾಗಿ ಹಿಡಿದಿರಬೇಕು.

ಈ ದೋಷ ತಯಾರಕರಿಗೂ ತಿಳಿಯದೆ ಇರಲಿಲ್ಲ. 1970ರ ಸ್ಪಿಟ್‌ಫೈರಿನಲ್ಲಿ ಹಿಂದಿನ ಅಡ್ಡಸ್ಪ್ರಿಂಗಿನ ಪಟ್ಟಿಗಳಲ್ಲಿ ಹೆಚ್ಚಿನವು ನಡುವೆ ತೂಗಾಡುವಂತೆ ಮಾಡಿ ಅದನ್ನು ಬಹುಮಟ್ಟಿಗೆ ಪರಿಹರಿಸಿದರು. ಮದರಾಸಿನವರು ಬೇರೆ ದಾರಿ ಹಿಡಿದರು. ಹೆರಾಲ್ಡಿನ ಅನಂತರ 1970ರ ದಶಕದಲ್ಲಿ ತಂದ ‘ಗಸೆಲ್’ ಕಾರಿಗೆ ತೂಗುವ ಅಚ್ಚನ್ನೇ ಬಿಟ್ಟು, ಬಂಡಿಯಂತೆ ಒಂದೇ ಗಟ್ಟಿ ಅಚ್ಚನ್ನು ಹಾಕಿದರು.

ಬಿಸಿಲು ಮತ್ತು ಪೆಟ್ರೋಲು

ರಾಯಚೂರು ಸೀಮೆಯ ಬಿಸಿಲನ್ನು ಅಲ್ಲಿಯವರಿಗೆ ವರ್ಣಿಸಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಸಾಮಾನ್ಯ. ಪೆಟ್ರೋಲು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು ಇಂತಹ ಶಾಖದಲ್ಲಿಯೇ ಕುದಿಯಲು ತೊಡಗುತ್ತವೆ. ಹೆರಾಲ್ಡಿನ ಪೆಟ್ರೋಲು ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಪಂಪು ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಕುದಿಬಿಂದುವೂ ಕಡಿಮೆ. ನಾಳದಲ್ಲಿ ಆವಿ ತುಂಬಿದರೆ ಪಂಪು ಆವಿಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕೂಡುತ್ತದೆ. ಪೆಟ್ರೋಲು ಮುಂದೆ ಹೋಗದು. ಎಂಜಿನ್ನು ಕೆಮ್ಮಿ ನಿಲ್ಲುತ್ತದೆ.

ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಹಳೆಯ ಚಾಲಕರ ಮದ್ದು. ಅದು ಮೂಢನಂಬಿಕೆಯಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲನ್ನು 10 ಡಿಗ್ರಿ ತಣ್ಣಗಾಗಿಸಲು ಸುಮಾರು 5,000 ಕ್ಯಾಲೊರಿ ತೆಗೆದರೆ ಸಾಕು. ಲೆಕ್ಕಕ್ಕೆ ಒಂಬತ್ತು ಗ್ರಾಂ ನೀರು ಅದನ್ನು ಮಾಡಬಲ್ಲದು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ನಿಯಮದಿಂದ.

ಇನ್ನೊಂದು ತೊಡಕು ಹೊಸದು. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು; ಎಥನಾಲಿಗೆ 9 ಗ್ರಾಂ ಸಾಕು. ಬೆರಕೆಗೆ ಸುಮಾರು 13.5 ಗ್ರಾಂ. ಈಗಿನ ಕಾರುಗಳಲ್ಲಿ ಇದನ್ನು ಅಳೆದು ಸರಿಪಡಿಸುವ ಸಾಧನವಿದೆ. ಹೆರಾಲ್ಡಿನ ಕಾರ್ಬ್ಯುರೇಟರಿಗೆ ಅಂತಹ ಬುದ್ಧಿಯಿಲ್ಲ. ತನ್ನ ಕಿಂಡಿಯಲ್ಲಿ ಹಿಡಿಸುವಷ್ಟನ್ನೇ ಅದು ಬಿಡುತ್ತದೆ. ಇಂಧನ ಕಡಿಮೆ, ಗಾಳಿ ಹೆಚ್ಚು ಆದ ಮಿಶ್ರಣ ಬಿಸಿಯಾಗಿ ಉರಿದು ಎಂಜಿನ್ನನ್ನು ಕಾಯಿಸುತ್ತದೆ. ಕಿಂಡಿಯನ್ನು ಒಂದು ಅಳತೆ ದೊಡ್ಡದು ಹಾಕಿ ಇದನ್ನು ಸರಿಪಡಿಸಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32, ಎಥನಾಲಿನಲ್ಲಿ ಸುಮಾರು 21 ಮೆಗಾಜೌಲ್ ಶಕ್ತಿ ಇರುವುದರಿಂದ ಬೆರಕೆಯ ಶಕ್ತಿ ಶೇಕಡ 7ರಷ್ಟು ಕಡಿಮೆ; ಆದುದರಿಂದ ಲೀಟರಿಗೆ ಓಡುವ ದೂರ ತಗ್ಗುವುದನ್ನು ದೋಷವೆಂದು ಹುಡುಕಬೇಕಾಗಿಲ್ಲ. ಎಥನಾಲ್ ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಆದುದರಿಂದ ರಬ್ಬರಿನ ನಾಳಗಳನ್ನೂ ಪಂಪಿನ ಪೊರೆಯನ್ನೂ ಎಥನಾಲ್ ತಾಳುವ ಜಾತಿಯವಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ಓಡಿಸದಿದ್ದರೆ ತೊಟ್ಟಿಯನ್ನು ಬರಿದು ಮಾಡಬೇಕು.

ಪಾಲನೆಯ ಕ್ರಮ

ಹಳೆಯ ಕಾರನ್ನು ಇಟ್ಟುಕೊಳ್ಳಬಯಸುವವರು ಯಾವುದಕ್ಕೆ ಮೊದಲು ಹಣ ಹಾಕಬೇಕು? ಬಣ್ಣಕ್ಕೂ ಹೊಳಪಿಗೂ ಅಲ್ಲ. ನಿಲ್ಲಿಸುವುದು, ತಿರುಗಿಸುವುದು ಇವೆರಡಕ್ಕೆ. 800 ಕಿಲೋಗ್ರಾಂ ಕಾರು ಗಂಟೆಗೆ 36 ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ 40,000 ಜೌಲ್. 72 ಕಿಲೋಮೀಟರಿನಲ್ಲಿ 1,60,000 ಜೌಲ್. ಅದಷ್ಟನ್ನೂ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಹೆರಾಲ್ಡಿನಲ್ಲಿ ನಾಲ್ಕು ಬ್ರೇಕುಗಳಿಗೂ ಒಂದೇ ದ್ರವಮಾರ್ಗ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಬ್ರೇಕಿನ ದ್ರವ ತೇವವನ್ನು ಹೀರಿ ತನ್ನ ಕುದಿಬಿಂದುವನ್ನು ತಗ್ಗಿಸಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಮುಂದಿನ ಟ್ರನಿಯನ್‌ಗಳಿಗೆ ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ, ಹೊಸ ಎಣ್ಣೆ ಸಂದುಗಳಿಂದ ಹೊರಬರುವವರೆಗೆ ಹಾಕಬೇಕು. ಚುಕ್ಕಾಣಿ ಬಿಗಿಯಾಯಿತೆಂದರೆ ಅಂದೇ ಕಾರನ್ನು ನಿಲ್ಲಿಸಬೇಕು. ಗಾಳಿಸೋಸುಕವನ್ನು ನಮ್ಮ ಧೂಳಿನಲ್ಲಿ ಕೈಪಿಡಿ ಹೇಳುವುದಕ್ಕಿಂತ ಬೇಗ ಬೇಗ ನೋಡಬೇಕು.

ಬಿಡಿಭಾಗಗಳು ಎಲ್ಲಿಂದ? ಇಲ್ಲಿ ಒಡಹುಟ್ಟಿನ ಉಪಕಾರ ನೆನೆಯತಕ್ಕದ್ದು. ಸ್ಪಿಟ್‌ಫೈರನ್ನು ಪ್ರೀತಿಸುವವರು ಜಗತ್ತಿನಾದ್ಯಂತ ಇರುವುದರಿಂದ ಅದರ ನಿಲುಗಂಬ, ಟ್ರನಿಯನ್ ಮುಂತಾದುವು ಬ್ರಿಟನ್ನಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಅರಕೇರಾದ ಹೆರಾಲ್ಡಿಗೆ ಬೇಕಾದ ತುಂಡು ಅಂಚೆಯಲ್ಲಿ ಬಂದು ಸರಿಯಾಗಿ ಕೂತಿತು. ಬೋಲ್ಟು ಬಿಚ್ಚಿದರೆ ಬಿಡಿಭಾಗವಾಗುವ ಕಾರನ್ನು ಅಂದು ಕಟ್ಟಿದ್ದರಿಂದಲೇ ಇದು ಸಾಧ್ಯವಾಯಿತು.

ಕಾನೂನೂ ಇಂತಹ ಕಾರುಗಳಿಗೆ ಜಾಗ ಕೊಟ್ಟಿದೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳಂತೆ, 50 ವರ್ಷ ಮೀರಿದ, ಮೂಲರೂಪವನ್ನು ಗಣನೀಯವಾಗಿ ಬದಲಿಸದ ಎರಡು ಮತ್ತು ನಾಲ್ಕು ಗಾಲಿಯ ಸ್ವಂತ ವಾಹನಗಳನ್ನು ಪುರಾತನ ವಾಹನಗಳೆಂದು ‘ವಿಎ’ ಅಕ್ಷರಗಳ ಸಾಲಿನಲ್ಲಿ ನೋಂದಾಯಿಸಬಹುದು. ಪ್ರದರ್ಶನ, ಸಂಶೋಧನೆ, ಪುರಾತನ ಕಾರುಗಳ ಮೆರವಣಿಗೆ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಾಗಿ ಅವನ್ನು ರಸ್ತೆಯಲ್ಲಿ ಓಡಿಸಬಹುದು. ದಿನಬಳಕೆಗಾಗಲಿ ಬಾಡಿಗೆಗಾಗಲಿ ಅಲ್ಲ. ಹಳೆಯ ಕಾರುಗಳನ್ನು ಕಣ್ಣಾರೆ ನೋಡಬಯಸುವ ವಿದ್ಯಾರ್ಥಿಗಳು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಹೋದಾಗ ಹೊಳೆಯುವ ಮೈಯನ್ನಷ್ಟೇ ನೋಡದೆ ಬಗ್ಗಿ ಅಡಿಯನ್ನೂ ನೋಡುವುದೊಳಿತು.

ಕಾರನ್ನು ಸಿದ್ಧಪಡಿಸಲು ನಮಗೆ ಎರಡು ವರ್ಷ ಹಿಡಿಯಿತು. ಆದರೆ ಮುಖ್ಯವಾದ ಕೆಲಸ ಅದಕ್ಕೆ ಮೊದಲೇ ಆಗಿತ್ತು. ಭೂತಗನ್ನಡಿಯನ್ನು ಮಾವನವರ ಕೈಗೆ ಕೊಟ್ಟು, ಕಪ್ಪು ಭಾಗ ಯಾವುದು, ಹೊಳೆಯುವ ಭಾಗ ಯಾವುದು, ಒಂದೊಂದು ಗೆರೆ ಏನು ಹೇಳುತ್ತದೆ ಎಂಬುದನ್ನು ಮನೆಯವರೆಲ್ಲರ ಎದುರಿಗೆ ವಿವರಿಸಿದೆವು. ಅಜ್ಜನವರು ಅದನ್ನು ಕೇಳಲು ಉಳಿದಿರಲಿಲ್ಲ. ಮಾವನವರು ಬಹಳ ಹೊತ್ತು ನೋಡಿ, ಗನ್ನಡಿಯನ್ನು ನಮ್ಮ ತಾಯಿಯ ಕೈಗೆ ಕೊಟ್ಟು, ‘ನೀ ಒಮ್ಮೆ ನೋಡವ್ವ’ ಎಂದರು. ಬೇರೇನೂ ಹೇಳಲಿಲ್ಲ.

ಈಗ ಮಳೆಗಾಲ ಸಮೀಪಿಸಿದಾಗ ಟ್ರನಿಯನ್‌ಗಳಿಗೆ ಎಣ್ಣೆ ಹಾಕುವವರು ಅವರೇ. ಎಣ್ಣೆಯ ಡಬ್ಬಿಯನ್ನು ಅವರು ಹಿಂದೆ ಬಂಡಿಗೆ ಗೊಟ್ಟವನ್ನು ಕಟ್ಟುತ್ತಿದ್ದಂತೆ ಕಾರಿನ ಹಿಂದಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದಾರೆ. ಚುಕ್ಕಾಣಿಯನ್ನು ಮಾತ್ರ ಇನ್ನೂ ಹಿಡಿದಿಲ್ಲ.